ಹತ್ತನೇ ಸ್ಥಾನದ ತಂಡಕ್ಕೂ ನೋಡುವವರು ಬೇಕು

ನಾವು ಮೂವರು. ಒಬ್ಬ ಗೋಕಾಕದವನು, ಒಬ್ಬ ಮೂಡಲಗಿಯವನು, ಇನ್ನೊಬ್ಬ ಹುಕ್ಕೇರಿಯವನು. ಪಿಯುಸಿ ಗೋಕಾಕದಲ್ಲಿ ಒಟ್ಟಿಗೆ ಓದಿ, ಈಗ ಇದೇ ಕಾಲೇಜಿನ ಸೆಕೆಂಡ್ ಇಯರ್‌ನಲ್ಲಿದ್ದೇವೆ. ಓದಿದ್ದೆಲ್ಲ ಇಂಗ್ಲಿಷ್ ಮೀಡಿಯಂ, ಹಾಗಾಗಿ ಕನ್ನಡದಲ್ಲಿ ತಪ್ಪಿದ್ದರೆ ತಿದ್ದಿ ಓದಿಕೊಳ್ಳಿ. ನಮ್ಮ ಮೂರೂ ಊರಲ್ಲಿ ಯಾರನ್ನೇ ಕೇಳಿ, ಆರ್‌ಸಿಬಿ ಅಂತಾರೆ. ನಾವು ಮಾತ್ರ ಬೆಂಗಳೂರು ಎಫ್‌ಸಿ ಅಂತೀವಿ. "ಅದ್ಯಾವ ಟೀಮ್?" ಅಂತ ಕೇಳಿದವರಿಗೆ ಹೇಳಿ ಹೇಳಿ ಸಾಕಾಗಿದೆ. ಅದಕ್ಕೇ ಈ ಸಲ ಬರೆದೇ ಬಿಡೋಣ ಅಂತ ಕೂತಿದ್ದೇವೆ.

ಮೊದಲು ಒಂದು ಮಾತು ಒಪ್ಪಿಕೊಳ್ಳುತ್ತೇವೆ. ನಾವು ಈ ತಂಡದ ಹಿಂದೆ ಬಿದ್ದದ್ದು ಅದು ಗೆಲ್ಲುತ್ತಿದ್ದಾಗ. 2022-23ರ ಐಎಸ್‌ಎಲ್‌ನಲ್ಲಿ ಸತತ 8 ಲೀಗ್ ಪಂದ್ಯ ಗೆದ್ದು ಫೈನಲ್‌ಗೆ ಹೋದರು. ಗೋವಾದಲ್ಲಿ ಮೋಹನ್ ಬಾಗಾನ್ ಎದುರು ಪೆನಾಲ್ಟಿಯಲ್ಲಿ ಸೋತರೂ ನಮ್ಮ ಹುಚ್ಚು ಇಳಿಯಲಿಲ್ಲ. ಕ್ಲಾಸಿನಲ್ಲಿ ವಾಟ್ಸಾಪ್ ಗ್ರೂಪ್ ಮಾಡಿದೆವು, ಸರಿಯಾಗಿ 11 ಜನ ಸೇರಿದರು. ಮುಂದಿನ ವರ್ಷ ಕಪ್ ಗ್ಯಾರಂಟಿ ಅಂದುಕೊಂಡಿದ್ದೆವು.

ಮುಂದಿನ ವರ್ಷ ಬಂದದ್ದು 2023-24. ಆಡಿದ್ದು 22 ಪಂದ್ಯ, ಗೆದ್ದದ್ದು 5, ಸೋತದ್ದು 10. ಡಿಸೆಂಬರ್‌ನಲ್ಲಿ ಕಂಠೀರವದಲ್ಲೇ ಮುಂಬೈ ಸಿಟಿ 4-0ರಿಂದ ಬಡಿಯಿತು. ಅದರ ಬೆನ್ನಲ್ಲೇ ಕೋಚ್ ಸೈಮನ್ ಗ್ರೇಸನ್ ಹೋದರು, ಜೆರಾರ್ಡ್ ಜರಗೋಜಾ ಬಂದರು. ಸೀಸನ್ನಿನ ಕೊನೆ ಪಂದ್ಯವೂ ಮನೆಯಂಗಳದಲ್ಲೇ, ಮತ್ತೆ 4-0 ಸೋಲು, ಈ ಸಲ ಮೋಹನ್ ಬಾಗಾನ್ ಎದುರು. 12 ತಂಡಗಳಲ್ಲಿ ನಮ್ಮದು 10ನೇ ಸ್ಥಾನ.

ಗ್ರೂಪಿನ ಕಥೆಯೂ ಹಾಗೇ ಆಯ್ತು. ಒಬ್ಬೊಬ್ಬರೇ ಲೆಫ್ಟ್ ಆಗಿ ರಿಯಲ್ ಮ್ಯಾಡ್ರಿಡ್, ಮ್ಯಾಂಚೆಸ್ಟರ್ ಸಿಟಿ ಅಂತ ಹೋದರು. ಉಳಿದದ್ದು ನಾವು ಮೂವರೇ. ಮೂರು ಊರಿನ ಮೂರು ಮನೆಯಲ್ಲಿ ಕೂತು, ಜಿಯೋ ಸಿನೆಮಾದಲ್ಲಿ ಮ್ಯಾಚ್ ನೋಡುತ್ತಾ ಮೆಸೇಜ್ ಮಾಡುತ್ತಿದ್ದೆವು. ಮೂಡಲಗಿಯ ಕಾಕಾ ಒಬ್ಬರು ಪ್ರತಿ ಸಲ ಕೇಳೋರು, "ಏನ್ರೋ, ಇವತ್ತೂ ಸೋತರೇನು? ಸೋಲೂ ಟೀಮ್ ಎದಕ್ ನೋಡ್ತೀರಿ, ಪರೀಕ್ಷೆಗರೆ ಓದ್ರಿ." ಪಿಯುಸಿ ಪರೀಕ್ಷೆ ಶುರುವಾದ ವಾರದಲ್ಲೇ ಕೇರಳ ಬ್ಲಾಸ್ಟರ್ಸ್ ವಿರುದ್ಧ ಕೊನೆ ಗಳಿಗೆಯಲ್ಲಿ 1-0 ಗೆದ್ದರು. ಆ ರಾತ್ರಿ ನಾವು ಓದಲೇ ಇಲ್ಲ!

ಕಾಕಾ ಕೇಳಿದ ಪ್ರಶ್ನೆ ಸರಿಯಾಗೇ ಇದೆ. ಯಾಕೆ ನೋಡಬೇಕು? ದುಡ್ಡು ಕೊಟ್ಟು ತಿಂದ ಹೋಟೆಲಿನ ಊಟ ಸರಿಯಿಲ್ಲದಿದ್ದರೆ ಬೇರೆ ಹೋಟೆಲಿಗೆ ಹೋಗ್ತೀವಲ್ಲ, ತಂಡವನ್ನೂ ಹಾಗೇ ಬದಲಿಸಿದರೆ ಏನು ತಪ್ಪು? ಕಣ್ಣುಮುಚ್ಚಿ ಬೆಂಬಲಿಸಿದರೆ ಮಾಲೀಕರಿಗೆ ತಂಡ ಸುಧಾರಿಸುವ ಚಿಂತೆಯೇ ಇರುವುದಿಲ್ಲ ಅಂತಲೂ ಕೆಲವರು ವಾದಿಸುತ್ತಾರೆ. ಆ ಮಾತಿನಲ್ಲಿ ಹುರುಳಿದೆ. ಆದರೆ ಬೆಂಬಲ ಅಂದರೆ ಬಾಯಿ ಮುಚ್ಚಿಕೊಂಡಿರೋದಲ್ಲ. ಆ ವರ್ಷ ನಾವು ಬೈದಷ್ಟು ನಮ್ಮ ತಂಡವನ್ನು ಯಾರೂ ಬೈದಿರಲಿಕ್ಕಿಲ್ಲ. ಬೈಯೋಕೂ ಪಂದ್ಯ ನೋಡಿರಬೇಕಲ್ಲ?

ಇದನ್ನೇ ಸುನಿಲ್ ಛೆಟ್ರಿ 2018ರ ಜೂನ್‌ನಲ್ಲಿ ಒಂದು ವಿಡಿಯೋ ಮಾಡಿ ಕೇಳಿಕೊಂಡಿದ್ದರು: ಬೈಯಿರಿ, ಟೀಕಿಸಿ, ಆದರೆ ಸ್ಟೇಡಿಯಂಗೆ ಬನ್ನಿ ಅಂತ. ಮುಂಬೈಯಲ್ಲಿ ಭಾರತ 5-0ರಿಂದ ಗೆದ್ದ ಪಂದ್ಯಕ್ಕೆ ಬಂದಿದ್ದವರು 2,569 ಜನ ಮಾತ್ರ. ವಿಡಿಯೋ ನೋಡಿದ ಮೇಲೆ ಮುಂದಿನ ಪಂದ್ಯದ ಟಿಕೆಟ್ ಪೂರ್ತಿ ಖಾಲಿ. ನಮ್ಮ ದೇಶದಲ್ಲಿ ಗೆದ್ದ ಫುಟ್‌ಬಾಲ್ ತಂಡಕ್ಕೇ ನೋಡುವವರಿಲ್ಲ, ಇನ್ನು ಸೋತವರ ಗತಿ ಏನು? ಇಂಗ್ಲೆಂಡಿನ ಸಂಡರ್‌ಲ್ಯಾಂಡ್ 2018ರಲ್ಲಿ ಮೂರನೇ ದರ್ಜೆಗೆ ಇಳಿದಾಗಲೂ ಸರಾಸರಿ 30,000ಕ್ಕೂ ಹೆಚ್ಚು ಜನ ಪಂದ್ಯಕ್ಕೆ ಬರುತ್ತಿದ್ದರು. 2025ರಲ್ಲಿ ಆ ತಂಡ ಪ್ರೀಮಿಯರ್ ಲೀಗ್‌ಗೆ ವಾಪಸ್ ಬಂತು. ಜನರಿಂದಲೇ ಗೆದ್ದರು ಅಂತ ನಾವು ಹೇಳುವುದಿಲ್ಲ. ಆದರೆ ವಾಪಸ್ ಬರೋಕೆ ಒಂದು ತಂಡ ಉಳಿದಿರಬೇಕು, ಅಷ್ಟೇ.

ಇದು ಸುಮ್ಮನೆ ಹೇಳುವ ಮಾತಲ್ಲ. 2025ರ ಜುಲೈನಲ್ಲಿ ಐಎಸ್‌ಎಲ್ ಅನ್ನೇ ತಡೆಹಿಡಿದರು. ಆಗಸ್ಟ್‌ನಲ್ಲಿ ಬೆಂಗಳೂರು ಎಫ್‌ಸಿ ತನ್ನ ಮೊದಲ ತಂಡದ ಆಟಗಾರರು ಮತ್ತು ಸಿಬ್ಬಂದಿಯ ಸಂಬಳವನ್ನು ಅನಿರ್ದಿಷ್ಟ ಕಾಲ ನಿಲ್ಲಿಸುವುದಾಗಿ ಹೇಳಿತು. ಹತ್ತನೇ ಸ್ಥಾನಕ್ಕೆ ಬೇಜಾರು ಮಾಡಿಕೊಂಡಿದ್ದ ನಮಗೆ, ಸ್ಥಾನವೇ ಇಲ್ಲದೇ ಹೋಗಬಹುದು ಅಂತ ಆಗ ಗೊತ್ತಾಯಿತು.

ಇನ್ನೊಂದು ಕಾರಣ ನಮ್ಮ ಸ್ವಂತದ್ದು. ಸೋತ ಸೀಸನ್ನಿನ ಮುಂದಿನ ವರ್ಷ ಇದೇ ತಂಡ ಲೀಗ್‌ನಲ್ಲಿ ಮೂರನೇ ಸ್ಥಾನಕ್ಕೆ ಬಂತು. ಸೆಮಿಫೈನಲ್‌ನಲ್ಲಿ, ಗೋವಾದಲ್ಲಿ, 40 ವರ್ಷದ ಛೆಟ್ರಿ ಕೊನೆ ಗಳಿಗೆಯಲ್ಲಿ ಹೆಡರ್ ಹೊಡೆದು ತಂಡವನ್ನು ಫೈನಲ್‌ಗೆ ಒಯ್ದರು. ಹಾಸ್ಟೆಲ್ ರೂಮಿನಲ್ಲಿ ಆಗ ಇಪ್ಪತ್ತು ಜನ ಇದ್ದೆವು, ಎಲ್ಲರೂ ಕುಣಿದರು. ನಾವು ಮೂವರು ಮಾತ್ರ ಒಬ್ಬರ ಮುಖ ಒಬ್ಬರು ನೋಡಿಕೊಂಡು ಕೂತುಬಿಟ್ಟೆವು. ಆ ಗೋಲು ಎಲ್ಲಿಂದ ಬಂತು ಅಂತ ನಮಗೆ ಗೊತ್ತಿತ್ತು. ಫೈನಲ್‌ನಲ್ಲಿ ಮತ್ತೆ ಸೋತೆವು, ರೂಮು ಮತ್ತೆ ಖಾಲಿಯಾಯಿತು.

ಫಸ್ಟ್ ಸೆಮ್‌ನಲ್ಲಿ ನಮ್ಮಲ್ಲೊಬ್ಬನ ಮ್ಯಾಥ್ಸ್ ಉಳಿದಿತ್ತು. ರಿಸಲ್ಟ್ ದಿನ ಪಾಸಾದವರೆಲ್ಲ ಪಾರ್ಟಿಗೆ ಹೋದರೆ, ಉಳಿದಿಬ್ಬರು ಅವನ ರೂಮಿನಲ್ಲೇ ಇದ್ದೆವು. ಸಮಾಧಾನ ಹೇಳಲು ಏನೂ ತೋಚಲಿಲ್ಲ, ಸುಮ್ಮನೆ ಜೊತೆಗೆ ಕೂತಿದ್ದೆವು. ಸೋತವರ ಜೊತೆ ಕೂರುವ ಅಭ್ಯಾಸ ಒಂದು ಸೀಸನ್ ಪೂರ್ತಿ ಆಗಿತ್ತು.

ಲಾಯಲ್ಟಿ ಅಂದರೆ ನಿಷ್ಠೆ ಅಂತ ಡಿಕ್ಷನರಿ ಹೇಳುತ್ತದೆ. ಅದು ನಮ್ಮ ಬಾಯಿಗೆ ಸ್ವಲ್ಪ ದೊಡ್ಡ ಪದ. ನಮ್ಮ ಮನೆಗಳಲ್ಲಿ ಹಿರಿಯರು "ಕೈ ಬಿಡಬಾರದು" ಅಂತಾರೆ. ಊರ ಜಾತ್ರೆಯ ಕುಸ್ತಿಯಲ್ಲಿ ಬಿದ್ದು ಮಣ್ಣಾದ ಪೈಲ್ವಾನನ ಬೆನ್ನು ತಟ್ಟಿ ಕಳಿಸುವ ಜನ ಅವರು. ಆರ್‌ಸಿಬಿ ಕಪ್ಪಿಗಾಗಿ 18 ಸೀಸನ್ ಕಾದವರೂ ಅವರೇ. ಹಾಗಿದ್ದ ಮೇಲೆ ನಮ್ಮನ್ನು ನೋಡಿ ನಗುವುದು ಯಾವ ನ್ಯಾಯ?

ಘಟಪ್ರಭಾದಲ್ಲಿ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಹತ್ತಿದರೆ ಒಂದೇ ರಾತ್ರಿಯಲ್ಲಿ ಬೆಂಗಳೂರು. ಕಂಠೀರವದ ವೆಸ್ಟ್ ಬ್ಲಾಕ್‌ನಲ್ಲಿ ನಿಂತು ಒಂದು ಪಂದ್ಯ ನೋಡಬೇಕು ಅನ್ನೋದು ನಮ್ಮ ಆಸೆ. ಅಲ್ಲಿಯವರೆಗೆ ಹಾಸ್ಟೆಲ್ ರೂಮೇ ನಮ್ಮ ಸ್ಟೇಡಿಯಂ. ಮ್ಯಾಚ್ ಇದ್ದ ದಿನ ಬರ್ರಿ, ಸೋತರೂ ಕರದಂಟು ನಮ್ಮ ಕಡೆಯಿಂದ.