ಮಕ್ಕಳನ್ನು ಚರ್ಚಿನ ಗೇಟಿನಲ್ಲಿ ಇಳಿಸಿ ಹೋಗಬೇಡಿ

ಮಟ್ಟು, ಕಟಪಾಡಿ, ಉದ್ಯಾವರ, ಶಿರ್ವ ಕಡೆಯ ಕ್ರೈಸ್ತ ಮನೆಗಳ ತಂದೆತಾಯಂದಿರೇ, ಅಜ್ಜ ಅಜ್ಜಿಯರೇ,

ಭಾನುವಾರ ಧರ್ಮಶಿಕ್ಷಣದ ತರಗತಿಗೆ ಮಕ್ಕಳನ್ನು ಇಳಿಸಿ, ಸ್ಕೂಟರ್ ತಿರುಗಿಸಿ ಮೀನು ಮಾರ್ಕೆಟಿಗೆ ಹೊರಡುತ್ತೇವೆ. ಮಗ ಯುವಜನರ ಸಂಘಟನೆಯಾದ ಐಸಿವೈಎಂನ ಸಭೆಗೆ ಹೋಗುವುದನ್ನು ಬಿಟ್ಟರೆ ‘ಫಾದರ್ ಏನು ಮಾಡ್ತಿದ್ದಾರೆ?’ ಎಂದು ಕೇಳುತ್ತೇವೆ. ಜ್ಞಾನಸ್ನಾನದ ದಿನ ಈ ಮಗುವನ್ನು ವಿಶ್ವಾಸದಲ್ಲಿ ಬೆಳೆಸುತ್ತೇವೆಂದು ದೇವರ ಮುಂದೆ ಮಾತು ಕೊಟ್ಟವರು ಯಾರು? ಹೆತ್ತವರಾದ ನಾವೇ ಅಲ್ಲವೇ?

ನಮ್ಮ ಮೊಂತಿ ಫೆಸ್ತನ್ನೇ ನೋಡಿ. ಸೆಪ್ಟೆಂಬರ್ 8ರ ಈ ಹಬ್ಬಕ್ಕೆ ಮುಂಚಿನ ಒಂಬತ್ತು ದಿನ ಮಕ್ಕಳು ಮರಿಯಮ್ಮನಿಗೆ ಹೂವು ಒಯ್ಯುತ್ತಾರೆ. ಜಡಿಮಳೆಯಲ್ಲೂ ಕೊಡೆ ಹಿಡಿದು ಬೇಲಿಬದಿಯ ಹೂ ಕೊಯ್ಯಲು ಅಜ್ಜಿ ಜೊತೆಗೆ ಬರುತ್ತಾರೆ. ಹಬ್ಬದ ದಿನ ಚರ್ಚಿನಲ್ಲಿ ಆಶೀರ್ವದಿಸಿದ ತೆನೆ ಮನೆಗೆ ಬರುತ್ತದೆ. ಅದರ ಕಾಳು ಸುಲಿದು, ಪುಡಿಮಾಡಿ, ಹಾಲಿಗೋ ಪಾಯಸಕ್ಕೋ ಬೆರೆಸಿ, ಪ್ರಾರ್ಥನೆಯ ಬಳಿಕ ಹಿರಿಯರು ಎಲ್ಲರಿಗೂ ಹಂಚುತ್ತಾರೆ. ಈ ಹಬ್ಬಕ್ಕೆ ಯುವಜನರನ್ನು ಯಾರೂ ನೋಟಿಸ್ ಹಾಕಿ ಕರೆಯಬೇಕಾಗಿಲ್ಲ. ಮನೆಯೇ ಕರೆಯುತ್ತದೆ, ಅವರು ಬರುತ್ತಾರೆ.

ಹಬ್ಬಕ್ಕೆ ಆಗುವುದು ಉಳಿದ ದಿನ ಏಕೆ ಆಗದು? ಸಂಜೆಯ ತೆರ್ಸ್, ಅಂದರೆ ಜಪಸರದ ಪ್ರಾರ್ಥನೆ, ಎಷ್ಟು ಮನೆಗಳಲ್ಲಿ ಉಳಿದಿದೆ? ಟ್ಯೂಷನ್, ಧಾರಾವಾಹಿ, ಮೊಬೈಲ್ ಆ ಹೊತ್ತನ್ನು ನುಂಗಿದವು, ನಾವು ಸುಮ್ಮನಿದ್ದೆವು.

ಎರಡನೇ ವ್ಯಾಟಿಕನ್ ಮಹಾಸಭೆ 1964ರಲ್ಲೇ ಕುಟುಂಬವನ್ನು ಮನೆಯೊಳಗಿನ ಧರ್ಮಸಭೆಯೆಂದು ಕಂಡು, ಹೆತ್ತವರೇ ಮೊದಲ ಬೋಧಕರೆಂದು ಸಾರಿತು. ಯುವಜನರ ಜೊತೆ ನಡೆಯುವ ಮುಖ್ಯ ಜಾಗ ಕುಟುಂಬವೇ ಎಂದು ಪೋಪ್ ಫ್ರಾನ್ಸಿಸ್ 2019ರ ‘ಕ್ರಿಸ್ತುಸ್ ವಿವಿತ್’ನಲ್ಲಿ ನೆನಪಿಸಿದರು. ಐಸಿವೈಎಂ, ವಿದ್ಯಾರ್ಥಿಗಳ ಸಂಘಟನೆಯಾದ ವೈಸಿಎಸ್ ನಮ್ಮ ಮಕ್ಕಳಿಗಾಗಿ ದುಡಿಯುತ್ತಿವೆ. ಆದರೆ ಅವುಗಳ ಕೈಗೆ ಮಕ್ಕಳು ಸಿಗುವುದು ವಾರಕ್ಕೆ ಒಂದೆರಡು ಗಂಟೆ. ಉಳಿದದ್ದೆಲ್ಲ ನಮ್ಮ ಪಾಲು.

ಇಂದೇ ಶುರುಮಾಡೋಣ. ರಾತ್ರಿ ಊಟಕ್ಕೆ ಮುಂಚೆ ಟಿವಿ ಆರಿಸಿ, ಜಪಸರದ ಒಂದು ದಶಕವನ್ನಾದರೂ ಮಕ್ಕಳೇ ಮುಂದಾಗಿ ಹೇಳಲಿ. ಗಲ್ಫ್‌ನಲ್ಲಿರುವ ಅಪ್ಪ ವಿಡಿಯೋ ಕಾಲ್‌ನಲ್ಲಿ ಮಾರ್ಕ್ಸ್ ಕೇಳುವ ಮೊದಲು ಮಕ್ಕಳ ಜೊತೆ ಪ್ರಾರ್ಥಿಸಲಿ. ದೇವರ ಬಗ್ಗೆ ಮಗಳು ಕಷ್ಟದ ಪ್ರಶ್ನೆ ಕೇಳಿದರೆ ಗದರಬೇಡಿ. ಕುಳಿತು ಕೇಳಿ, ಉತ್ತರ ಗೊತ್ತಿಲ್ಲದಿದ್ದರೆ ಅವಳ ಜೊತೆಗೇ ಗುರುಗಳ ಬಳಿ ಹೋಗಿ. ಯುವ ಸಂಘದ ಕಾರ್ಯಕ್ರಮಕ್ಕೆ ಬಂದು ಕೊನೆಯವರೆಗೂ ಕುಳಿತುಕೊಳ್ಳಿ.

ನಾಳೆ ನಮ್ಮ ಮಕ್ಕಳು ಬೆಂಗಳೂರಿಗೋ ಕುವೈತಿಗೋ ಹೊರಡುವವರು. ಅಲ್ಲಿ ಇವರ ವಿಶ್ವಾಸ ಉಳಿಯಬೇಕಾದರೆ ಇಲ್ಲಿ, ನಮ್ಮ ಮನೆಯಲ್ಲಿ, ಅದು ಬೇರೂರಬೇಕು. ದೇವರ ಮುಂದೆ ಕೊಟ್ಟ ಮಾತನ್ನು ಉಳಿಸಿಕೊಳ್ಳೋಣ.