ಎಪ್ರಿಲ್ 5ರಂದು ನೀವು ಎಲ್ಲಿರುತ್ತೀರಿ?



ಪ್ರತಿ ವರ್ಷ ಎಪ್ರಿಲ್ 5ರ ಸುಮಾರಿಗೆ ನೀವು ಎಲ್ಲಿರುತ್ತೀರಿ ಅಂತ ಒಮ್ಮೆ ನೆನಪು ಮಾಡಿಕೊಳ್ಳಿ. ನಾನಂತೂ ಸೊಸೈಟಿಯ ಜಗಲಿಯಲ್ಲಿರುತ್ತೇನೆ. ಮಾರ್ಚ್ ಕೊನೆಗೆ ಬೆಳೆಸಾಲ ಕಟ್ಟಿ ಆಗಿರುತ್ತದೆ. ಕಟ್ಟಿದ್ದನ್ನೇ ತಿರುಗಿ ಪಡೆಯಲು ಆರ್‌ಟಿಸಿ ಹಿಡಿದುಕೊಂಡು ಸರದಿ ಕಾಯುವುದು. ಪಕ್ಕದಲ್ಲಿ ನಿಮ್ಮಂಥವರೇ ಹತ್ತು ಜನ.

ಇದೇ ತಾರೀಕು 1837ರಲ್ಲಿ ನಮ್ಮ ಊರಿನ ರೈತರು ಎಲ್ಲಿದ್ದರು ಗೊತ್ತುಂಟಾ? ಮಂಗಳೂರಿನ ಬಾವುಟಗುಡ್ಡೆಯ ಮೇಲೆ. ಕಂಪೆನಿ ಸರಕಾರದ ಬಾವುಟ ಇಳಿಸಿ ತಮ್ಮದನ್ನು ಏರಿಸಿದ್ದರು. ಸುಳ್ಯದ ಕೆದಂಬಾಡಿ ರಾಮಯ್ಯ ಗೌಡರ ಮುಂದಾಳುತನದಲ್ಲಿ ಪೂಮಲೆಯಿಂದ ಹೊರಟ ದಂಡು, ಬೆಳ್ಳಾರೆಯ ಖಜಾನೆ ಹಿಡಿದು, ಪುತ್ತೂರು ದಾಟಿ, ಘಟ್ಟದ ಕೆಳಗಿನ ರೈತರನ್ನು ಕೂಡಿಸಿಕೊಳ್ಳುತ್ತಾ ಮಂಗಳೂರಿಗೆ ಮುಟ್ಟಿತ್ತು. ಹದಿಮೂರು ದಿವಸ ಊರು ಅವರ ಕೈಯಲ್ಲಿತ್ತು. ಆಮೇಲೆ ಹೊರಗಿನಿಂದ ಪಟಾಲಮು ಬಂತು, ನೇಣುಗಂಬ ಎದ್ದಿತು. ಕಲ್ಯಾಣಸ್ವಾಮಿಯ ಹೆಸರಿನಲ್ಲಿ ದಂಡು ನಡೆಸಿದ ಪುಟ್ಟಬಸಪ್ಪ ಮಂಗಳೂರಿನಲ್ಲಿ ನೇಣಿಗೇರಿದ. ಗುಡ್ಡೆಮನೆ ಅಪ್ಪಯ್ಯ ಗೌಡರನ್ನು ಅದೇ ವರ್ಷ ಅಕ್ಟೋಬರ್ 31ರಂದು ಮಡಿಕೇರಿ ಕೋಟೆಯ ಎದುರು ನೇಣಿಗೆ ಹಾಕಿದರು.

ಇವರು ಸುಮ್ಮನೆ ಹೊರಟವರಲ್ಲ. 1834ರಲ್ಲಿ ಕೊಡಗಿನ ಅರಸನನ್ನು ಇಳಿಸಿದ ಮೇಲೆ ಅಮರಸುಳ್ಯದ ಸೀಮೆಯನ್ನು ಕೊಡಗಿನಿಂದ ಕಿತ್ತು ಕೆನರಾ ಜಿಲ್ಲೆಗೆ ಸೇರಿಸಿದರು. ಅಲ್ಲಿಯವರೆಗೆ ರೈತ ಬೆಳೆದದ್ದನ್ನೇ ತೆರಿಗೆಯಾಗಿ ಅಳೆದು ಕೊಡುತ್ತಿದ್ದ. ಕಂಪೆನಿಯವರು ಬತ್ತ ಬೇಡ, ರೊಕ್ಕ ತಾ ಅಂದರು. ಈ ಒಂದು ಮಾತಿನಲ್ಲಿ ಎಷ್ಟು ಅಡಗಿದೆ ನೋಡಿ. ರೊಕ್ಕ ಗದ್ದೆಯಲ್ಲಿ ಬೆಳೆಯುವುದಿಲ್ಲ. ವಾಯಿದೆಯ ಒಳಗೆ ರೊಕ್ಕ ಆಗಬೇಕಾದರೆ ಊರಿನವರೆಲ್ಲ ಒಂದೇ ತಿಂಗಳಲ್ಲಿ ಬತ್ತ ಮಾರಬೇಕು. ಎಲ್ಲರೂ ಒಟ್ಟಿಗೆ ಮಾರುವಾಗ ಕ್ರಯ ಹೇಳುವವನು ಯಾರು? ಕೊಳ್ಳುವವನೇ. ಸಾಲದ್ದಕ್ಕೆ ಸಾಲ ಕೊಡುವವನೂ ಅವನೇ.

ಹೋರಾಟಕ್ಕೆ ಆಮೇಲೆ ಸಿಕ್ಕಿದ ಹೆಸರು 'ಕಲ್ಯಾಣಪ್ಪನ ಕಾಟಕಾಯಿ'. ಅಂದರೆ ದರೋಡೆ, ಪುಂಡಾಟಿಕೆ. ಎಷ್ಟೋ ವರ್ಷ ನಮ್ಮ ಹಿರಿಯರೂ ಹಾಗೆಯೇ ಹೇಳುತ್ತಿದ್ದರು. ಕುಳ್ಕುಂದದಲ್ಲಿ ಹುಟ್ಟಿದ ನಿರಂಜನರು 'ಕಲ್ಯಾಣಸ್ವಾಮಿ' ಕಾದಂಬರಿ ಬರೆದದ್ದು ಒಂದು ಉಪಕಾರ. ಈಗ ಬಾವುಟಗುಡ್ಡೆಯಲ್ಲಿ ರಾಮಯ್ಯ ಗೌಡರ ಪ್ರತಿಮೆಯೂ ಉಂಟು. 2022ರ ನವೆಂಬರ್ 19ರಂದು ಅನಾವರಣ ಆಯಿತು. (ಎಪ್ರಿಲ್ 5 ಯಾಕೆ ಆಗಲಿಲ್ಲವೋ!) ಪ್ರತಿಮೆಗೆ ಹಾರ ಹಾಕಲು ಎಲ್ಲ ಪಕ್ಷದವರೂ ತಯಾರು. ಅವರು ಯಾವುದಕ್ಕೆ ಜೀವ ಕೊಟ್ಟರು ಅಂತ ಕೇಳಿದರೆ ಸ್ವಾತಂತ್ರ್ಯಕ್ಕೆ ಅನ್ನುತ್ತಾರೆ, ತೆರಿಗೆಯ ಮಾತು ತೆಗೆಯುವುದಿಲ್ಲ.

1930ರ ಎಪ್ರಿಲ್ 5ಕ್ಕೆ ಗಾಂಧಿಯವರು ದಂಡಿಯ ಕಡಲ ಕರೆಗೆ ಮುಟ್ಟಿದರು. ಮರುದಿನ ಉಪ್ಪು ಎತ್ತಿದರು. ಅದೂ ತೆರಿಗೆಯ ಜಗಳವೇ.

ಈಗ ನಮ್ಮ ಸೊಸೈಟಿಯ ಜಗಲಿಗೆ ಬನ್ನಿ. ಸೊಸೈಟಿಯನ್ನು ನಾನು ದೂರುವುದಿಲ್ಲ. ಮೊಳಹಳ್ಳಿ ಶಿವರಾಯರು 1909ರಲ್ಲಿ ಪುತ್ತೂರಿನಲ್ಲಿ ಸಹಕಾರಿ ಸಂಘ ಕಟ್ಟಿದ್ದೇ ರೈತನನ್ನು ಸಾಹುಕಾರನ ಕೈಯಿಂದ ಬಿಡಿಸಲಿಕ್ಕೆ. ಅಡಿಕೆ ಕ್ರಯ ನೆಲ ಕಚ್ಚಿದಾಗ ವಾರಣಾಶಿ ಸುಬ್ರಾಯ ಭಟ್ಟರು 1973ರಲ್ಲಿ ಕ್ಯಾಂಪ್ಕೋ ಕಟ್ಟಿದರು. ಅದಿಲ್ಲದಿದ್ದರೆ ನಮ್ಮ ಗತಿ ಏನಾಗುತ್ತಿತ್ತೋ. ಸಾಲಕ್ಕೆ ಬಡ್ಡಿ ಸೊನ್ನೆ ಮಾಡಿದ್ದೂ ಸಣ್ಣ ಮಾತಲ್ಲ. 2023ರಲ್ಲಿ ಅದರ ಮಿತಿಯನ್ನು 3 ಲಕ್ಷದಿಂದ 5 ಲಕ್ಷಕ್ಕೆ ಏರಿಸಿದರು.

ಆದರೆ ವಾಯಿದೆ? ನನ್ನದೂ ನೆರೆಕರೆಯವರದ್ದೂ ಮಾರ್ಚಿಗೆ ಬೀಳುತ್ತದೆ. ವಾಯಿದೆ ತಪ್ಪಿದರೆ ಸೊನ್ನೆ ಬಡ್ಡಿ ಹೋಯಿತು. ಆ ಹೊತ್ತಿಗೆ ನಮ್ಮ ಅಂಗಳದಲ್ಲಿ ಇರುವುದು ಏನು? ಹೊಸ ಅಡಿಕೆ. ಕೆಲವರದ್ದು ಇನ್ನೂ ಒಣಗಿರುವುದಿಲ್ಲ, ಸುಲಿಯುವುದು ಎಲ್ಲಿಂದ? ಹೊಸತಕ್ಕಿಂತ ಹಳತಕ್ಕೆ, ಸಿಂಗಲ್ ಚೋಲಿಗೆ, ಕ್ರಯ ಜಾಸ್ತಿ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ.

ಒಂದು ಲೆಕ್ಕ ಹಾಕೋಣ. 3 ಲಕ್ಷ ಕಟ್ಟಬೇಕು. ಹೊಸತು ಕಿಲೋಗೆ 400 ರೂಪಾಯಿ ಅಂತ ಹಿಡಿಯಿರಿ. ಏಳೂವರೆ ಕ್ವಿಂಟಾಲು ಕೊಡಬೇಕಾಯಿತು. ಹಳತಕ್ಕೆ ಬರೇ 40 ರೂಪಾಯಿ ಹೆಚ್ಚು ಅಂತ ಇಟ್ಟುಕೊಂಡರೂ ಕೈಬಿಟ್ಟದ್ದು 30,000. 3 ಲಕ್ಷಕ್ಕೆ ನೂರಕ್ಕೆ 7ರಂತೆ ವರ್ಷದ ಬಡ್ಡಿ 21,000. ಹುಳ ತಿಂದದ್ದು, ತೂಕ ಇಳಿದದ್ದು ಕಳೆಯಿರಿ, ಆದರೂ ಸರಕಾರ ಬಿಟ್ಟ ಬಡ್ಡಿ ಹೆಚ್ಚುಕಡಿಮೆ ಪೂರ್ತಿ ವ್ಯಾಪಾರಿಯ ಗೋಡೌನಿಗೆ ಹೋಯಿತೇ ಇಲ್ಲವೇ? ಸೊನ್ನೆ ಬಡ್ಡಿ ಸಿಕ್ಕಿದ್ದು ಯಾರಿಗೆ?

ಮಾರದೆ ಇರುವವರು ಇನ್ನೊಂದು ದಾರಿ ಹಿಡಿಯುತ್ತಾರೆ. ನಾನೂ ಒಂದು ವರ್ಷ ಹಿಡಿದೆ. ಕೊಳೆರೋಗಕ್ಕೆ ಅರ್ಧ ತೋಟ ಉದುರಿದ ವರ್ಷ ಅದು. ಮೈಲುತುತ್ತಿನ ಬಾಕಿಯೇ ತೀರಿರಲಿಲ್ಲ. ಒಬ್ಬ ಅಡಿಕೆ ವ್ಯಾಪಾರಿಯಿಂದ ಎಂಟು ದಿವಸಕ್ಕೆ ಕೈಸಾಲ ತಂದು ಸೊಸೈಟಿಗೆ ಕಟ್ಟಿದೆ. ಸಾಲ ತಿರುಗಿ ಸಿಕ್ಕಲು ಇಪ್ಪತ್ತೆರಡು ದಿವಸ ಹಿಡಿಯಿತು. ಆ ಮನುಷ್ಯ ಬಡ್ಡಿ ಕೇಳಲಿಲ್ಲ ಮಾರಾಯ್ರೆ, ಭಾರೀ ಮರ್ಯಾದಸ್ಥ. "ಅಡಿಕೆ ಬೇರೆ ಕಡೆ ಕೊಡಬೇಡಿ ಅಣ್ಣೇರೆ" ಅಂದ, ಅಷ್ಟೇ. ಆ ವರ್ಷದ ಪಟೋರ, ಕರಿಗೋಟು ಸಹ ಅವನು ಹೇಳಿದ ಕ್ರಯಕ್ಕೆ ಹೋಯಿತು. ಸೊಸೈಟಿಯ ಪುಸ್ತಕದಲ್ಲಿ ನಾನು ಸುಸ್ತಿ ಇಲ್ಲದ ಒಳ್ಳೆಯ ಸದಸ್ಯ.

ಅಡಿಕೆಯವರು ಸಿರಿವಂತರು, ಅವರಿಗೇನು ಅನ್ನುವವರಿದ್ದಾರೆ. ಸಂಪಾಜೆ ಕಡೆಗೆ ಹೋಗಿ ಹಳದಿ ರೋಗ ಹಿಡಿದ ತೋಟ ನೋಡಿಕೊಂಡು ಬರಲಿ, ಆಮೇಲೆ ಮಾತಾಡೋಣ.

ನಮ್ಮ ತಪ್ಪೂ ಉಂಟು. ಮಹಾಸಭೆಗೆ ಹೋಗುತ್ತೇವೆ, ಡಿವಿಡೆಂಡ್ ಎಷ್ಟು ಅಂತ ಕೇಳುತ್ತೇವೆ, ಊಟ ಮಾಡಿ ಬರುತ್ತೇವೆ. ವಾಯಿದೆಯ ಸುದ್ದಿ ಎತ್ತಿದವರು ಎಷ್ಟು ಜನ? ವಾಯಿದೆ ಫಸಲನ್ನು ನೋಡಿ ಇಡಬೇಕು. ಕಟ್ಟಿದ ಸಾಲ ಮೂರು ದಿವಸದ ಒಳಗೆ ತಿರುಗಿ ಕೊಡಬೇಕು. ಅಡಿಕೆ ಈಡು ಇಟ್ಟವನಿಗೆ ಈಡಿನ ಸಾಲದಿಂದಲೇ ಬೆಳೆಸಾಲ ಜಮಾ ಮಾಡಿಕೊಳ್ಳಬೇಕು. ಇಷ್ಟನ್ನು ನಾನು ಬರೆದು ನಮ್ಮ ಸೊಸೈಟಿಗೆ ಕೊಟ್ಟೆ. ನಿಯಮ ಮೇಲಿನಿಂದ ಬರಬೇಕು ಅಂದರು. ಮೇಲಿನವರಿಗೆ ಕಳಿಸಿ ಅಂದೆ. ಒಬ್ಬರದ್ದು ಕಳಿಸಿದರೆ ಏನಾಗುತ್ತದೆ ಅಂತ ನಕ್ಕರು.

ಪುತ್ತೂರು, ಸುಳ್ಯ, ಈಗ ತಾಲೂಕಾಗಿರುವ ಕಡಬ, ಮೂರೂ ಕಡೆಯ ಸೊಸೈಟಿಗಳಿಂದ ಇದೇ ಠರಾವು ಹೋಗಲಿ. ಈ ಸಲದ ಮಹಾಸಭೆಯ ನೋಟೀಸು ಬಂದ ಕೂಡಲೇ ನಿಮ್ಮ ಅರ್ಜಿ ಬರೆದುಕೊಡಿ, ಕೊಟ್ಟದ್ದಕ್ಕೆ ಸೀಲು ಹಾಕಿಸಿಕೊಂಡು ಬನ್ನಿ.