ಕಾಲ್ಚೆಂಡಾಟಕ್ಕೆ ಏಣಿ ಬೇಕು

2023ನೆಯ ಇಸವಿ ಮಾರ್ಚ್ 4ರಂದು ಸೌದಿ ಅರೇಬಿಯದ ರಿಯಾದ್ ನಗರದಲ್ಲಿ ಕರ್ನಾಟಕದ ತಂಡವು ಮೇಘಾಲಯವನ್ನು 3-2 ಗೋಲುಗಳಿಂದ ಸೋಲಿಸಿ ಸಂತೋಷ್ ಟ್ರೋಫಿಯನ್ನು ಗೆದ್ದುದು ವಾಚಕರ ನೆನಪಿನಲ್ಲಿರಬಹುದು. ಮೈಸೂರು ಎಂಬ ಹೆಸರಿನಲ್ಲಿ ನಮ್ಮ ನಾಡು ಇದಕ್ಕೆ ಹಿಂದೆ ಆ ಪಾರಿತೋಷಕವನ್ನು ಪಡೆದದ್ದು 1968-69ರಲ್ಲಿ. ಐವತ್ತನಾಲ್ಕು ವರ್ಷಗಳ ಮೇಲೆ ಬಂದ ಜಯಕ್ಕಾಗಿ ನಾಡೆಲ್ಲ ಹಿಗ್ಗಿದ್ದು ಉಚಿತವೇ ಸರಿ. ಹಿಗ್ಗಿನ ಬಳಿಕ ಒಂದು ಪ್ರಶ್ನೆಯನ್ನೂ ಕೇಳಿಕೊಳ್ಳುವುದು ನಮ್ಮ ಕರ್ತವ್ಯವಾಗಿದೆ. ಮಂಡ್ಯ, ಮದ್ದೂರು, ಮಳವಳ್ಳಿಗಳ ತರುಣನೊಬ್ಬನು ತನ್ನ ಊರಿನ ಬಯಲಿನಲ್ಲಿ ಚೆಂಡನ್ನೊದೆಯಲು ಆರಂಭಿಸಿದರೆ, ಅಂಥ ತಂಡದವರೆಗೆ ಅವನು ಏರಿ ಹೋಗುವ ಮೆಟ್ಟಿಲುಗಳು ಯಾವುವು?

ಈ ಆಟದಲ್ಲಿ ನಮ್ಮ ನಾಡಿಗೆ ಹೆಸರಿಲ್ಲದೆ ಇಲ್ಲ. ಪರಂಗಿ ದಂಡಿನ ತಂಡಗಳದೇ ಸ್ವತ್ತೆಂಬಂತಿದ್ದ ಮುಂಬಯಿಯ ರೋವರ್ಸ್ ಕಪ್ಪನ್ನು ಮೊಟ್ಟಮೊದಲು ಗೆದ್ದ ಭಾರತೀಯರು 1937ರಲ್ಲಿ ನಮ್ಮ ಬೆಂಗಳೂರು ಮುಸ್ಲಿಮ್ಸ್ ತಂಡದವರು. ಮರುವರ್ಷವೂ ಅವರೇ ಗೆದ್ದರು. 1948ನೆಯ ಜುಲೈ 31ರಂದು ಲಂಡನ್ ಒಲಿಂಪಿಕ್ಸಿನಲ್ಲಿ ಸ್ವತಂತ್ರ ಭಾರತದ ತಂಡ ಫ್ರಾನ್ಸನ್ನು ಎದುರಿಸಿತು. ನಮ್ಮವರಲ್ಲಿ ಬಹುಮಂದಿ ಬರಿಗಾಲಿನವರು. ದೊರೆತ ಎರಡು ಪೆನಾಲ್ಟಿಗಳೂ ವ್ಯರ್ಥವಾದವು. ಆದರೂ 70ನೆಯ ನಿಮಿಷದಲ್ಲಿ ಸಾರಂಗಪಾಣಿ ರಾಮನ್ ಗೋಲು ಹೊಡೆದು ಪಂದ್ಯವನ್ನು ಸಮ ಮಾಡಿದರು. ಆಟ ಮುಗಿಯಲು ಒಂದು ನಿಮಿಷವಿದ್ದಾಗ ಫ್ರಾನ್ಸ್ ಇನ್ನೊಂದು ಗೋಲು ಹೊಡೆದು 2-1ರಿಂದ ಗೆದ್ದಿತು. ಒಲಿಂಪಿಕ್ಸಿನಲ್ಲಿ ಭಾರತದ ಮೊದಲ ಗೋಲು ಬೆಂಗಳೂರಿನವರ ಕಾಲಿನಿಂದ ಬಂದಿತೆಂಬುದು ಕನ್ನಡ ನಾಡಿಗೆ ಹೆಮ್ಮೆಯ ಸಂಗತಿ.

ಆದರೆ ಈ ಕೀರ್ತಿಯ ಇನ್ನೊಂದು ಮುಖವನ್ನೂ ನೋಡಬೇಕು. ರಾಮನ್ ಅವರು ಆಡಲು ಕಲ್ಕತ್ತೆಯ ಮೋಹನ್ ಬಗಾನ್ ಸಂಘಕ್ಕೆ ಹೋದರು. ಅದೇ ಒಲಿಂಪಿಕ್ ತಂಡದಲ್ಲಿದ್ದ ಬೆಂಗಳೂರಿನ ಅಹಮದ್ ಖಾನ್ ಮತ್ತು ಧನರಾಜ್ ಅವರೂ ಈಸ್ಟ್ ಬೆಂಗಾಲ್ ಸಂಘವನ್ನು ಸೇರಿ, ಅಲ್ಲಿಯ ಜನರಿಂದ ಪಂಚಪಾಂಡವರೆನಿಸಿಕೊಂಡ ಐವರಲ್ಲಿ ಇಬ್ಬರಾದರು. ಬೆಂಗಳೂರಿನಲ್ಲಿ ಮುಂದೆ ದೊಡ್ಡ ಕಾರ್ಖಾನೆಗಳು ಆಟಗಾರರಿಗೆ ಉದ್ಯೋಗ ಕೊಟ್ಟು ತಂಡಗಳನ್ನು ಕಟ್ಟಿದವು, ಐ.ಟಿ.ಐ. ತಂಡವು 1977ರಲ್ಲಿ ಮೊದಲ ಫೆಡರೇಷನ್ ಕಪ್ಪನ್ನೇ ಗೆದ್ದಿತು. ಬೆಂಗಳೂರಿನ ತರುಣನಿಗೆ ಸೂಪರ್ ಡಿವಿಷನ್ ಇದೆ, ಅದರ ಕೆಳಗೆ ಎ, ಬಿ, ಸಿ ಎಂಬ ವರ್ಗಗಳಿವೆ. ರಾಜಧಾನಿಯಲ್ಲಿ ಹೀಗೆ ಏಣಿಯೊಂದು ನಿಂತಿದೆ. ಅದರ ಅತ್ಯಂತ ಕೆಳಗಿನ ಮೆಟ್ಟಿಲೂ ರಾಜಧಾನಿಯಲ್ಲೇ ಇರುವುದು ನಮ್ಮ ಚಿಂತೆಗೆ ಕಾರಣ.

ಇಟಲಿ ದೇಶದ ಪದ್ಧತಿ ಬೇರೆ. ಅಲ್ಲಿ ಮೇಲಿನ ಎ ವರ್ಗದಲ್ಲಿ 20, ಬಿ ವರ್ಗದಲ್ಲಿ 20, ಸಿ ವರ್ಗದಲ್ಲಿ 60 ಸಂಘಗಳು. ಅದರ ಕೆಳಗೆ ಡಿ ವರ್ಗ, ಅದಕ್ಕೂ ಕೆಳಗೆ ಪ್ರಾಂತಗಳ ವರ್ಗಗಳು. ಗೆದ್ದವರು ಏರುತ್ತಾರೆ, ಸೋತವರು ಇಳಿಯುತ್ತಾರೆ. ಹೀಗಾಗಿ ನಮ್ಮ ಮದ್ದೂರಿನಷ್ಟು ಸಣ್ಣ ಊರಿಗೂ ಸಂಘವೊಂದುಂಟು, ವಾರಕ್ಕೊಂದು ಪಂದ್ಯವುಂಟು. 1967ರಲ್ಲಿ ಹುಟ್ಟಿದ, ಮುಜ್ಜಾ ಎಂಬ ಸಣ್ಣ ಪಟ್ಟಣದ ಡಾರಿಯೊ ಹ್ಯೂಬ್ನರ್ ಎಂಬಾತನ ಚರಿತ್ರೆಯನ್ನು ನಮ್ಮ ಅಧಿಕಾರಿಗಳು ಗಮನಿಸಬೇಕೆಂದು ನಮ್ಮ ಆಶಯ. ಆತ ಮೊದಲು ಕಿಟಕಿಗಳ ಲೋಹದ ಚೌಕಟ್ಟು ಜೋಡಿಸುವ ಕೆಲಸಗಾರ. ಊರ ಸಂಘದಿಂದ ಹೊರಟು ಒಂದೊಂದೇ ಮೆಟ್ಟಿಲು ಹತ್ತಿದ. ಸಮುದ್ರದ ದಡದ ಫಾನೊ ಊರಿನ ಪರವಾಗಿ 1991-92ರಲ್ಲಿ ಸಿ ವರ್ಗದಲ್ಲಿ, ಚೆಜೇನಾದ ಪರವಾಗಿ 1995-96ರಲ್ಲಿ ಬಿ ವರ್ಗದಲ್ಲಿ ಎಲ್ಲರಿಗಿಂತ ಹೆಚ್ಚು ಗೋಲು ಹೊಡೆದ. ಎ ವರ್ಗದಲ್ಲಿ ಮೊದಲ ಪಂದ್ಯವನ್ನಾಡಿದಾಗ ಅವನಿಗೆ 30 ವರ್ಷ. 2001-02ರಲ್ಲಿ ಪಿಯಾಚೆನ್ಜಾ ಎಂಬ ಸಾಧಾರಣ ಸಂಘಕ್ಕಾಗಿ 24 ಗೋಲು ಹೊಡೆದು, ಜಗತ್ಪ್ರಸಿದ್ಧನಾದ ಟ್ರೆಜೆಗೆಯೊಡನೆ ಅಗ್ರಸ್ಥಾನವನ್ನು ಹಂಚಿಕೊಂಡಾಗ 35 ತುಂಬಿತ್ತು. ರಾಷ್ಟ್ರದ ತಂಡದಲ್ಲಿ ಆಡುವ ಭಾಗ್ಯ ಅವನಿಗೆ ಎಂದೂ ಬರಲಿಲ್ಲ. ಆದರೂ ಆಟದಿಂದ ಬದುಕಿದ, ಆಡಿದ ಊರುಗಳ ಪ್ರೀತಿಯನ್ನು ಪಡೆದ.

ಈತ ನಮ್ಮ ಮಳವಳ್ಳಿಯಲ್ಲಿ ಹುಟ್ಟಿದ್ದರೆ ಏನಾಗುತ್ತಿತ್ತು? ಶಾಲೆಯ ಪರವಾಗಿ ಆಡುತ್ತಿದ್ದ, ಕಾಲೇಜಿನ ಪರವಾಗಿ ಆಡುತ್ತಿದ್ದ, ದಸರಾ ಕ್ರೀಡಾಕೂಟದಲ್ಲಿ ಒಂದು ಪ್ರಶಸ್ತಿಪತ್ರ ಪಡೆಯುತ್ತಿದ್ದ. ಇಪ್ಪತ್ತರ ಪ್ರಾಯಕ್ಕೆ ಕಾಲೇಜು ಮುಗಿದೊಡನೆ ಆಟವೂ ಮುಗಿಯುತ್ತಿತ್ತು. ಮೂವತ್ತರಲ್ಲಿ ಅರಳಬೇಕಾದ ಶಕ್ತಿ ಇಪ್ಪತ್ತರಲ್ಲೇ ಬಾಡುವುದು ಎಂತಹ ನಷ್ಟವೆಂಬುದನ್ನು ಸಹೃದಯರು ಊಹಿಸಬಲ್ಲರು. ಕನ್ನಂಬಾಡಿ ಕಟ್ಟೆ ತುಂಬಿದ ಮಾತ್ರಕ್ಕೆ ಮದ್ದೂರಿನ ಗದ್ದೆ ಹಸುರಾಗದೆಂಬುದನ್ನು ನಮ್ಮ ಜಿಲ್ಲೆಯ ರೈತನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನಾಲೆ ಬೇಕು, ಉಪನಾಲೆ ಬೇಕು, ತೂಬು ಬೇಕು. ಆಟದ ವಿಷಯದಲ್ಲಿಯೂ ಇದೇ ನ್ಯಾಯ.

ಆದುದರಿಂದ ನಮ್ಮ ಸೂಚನೆ ಇಷ್ಟು. ಜಿಲ್ಲೆಯಲ್ಲಿ ಏಳು ತಾಲ್ಲೂಕುಗಳಿವೆ. ತಾಲ್ಲೂಕಿಗೊಂದು ತಂಡದಂತೆ ಏಳು ತಂಡಗಳು, ಪ್ರತಿಯೊಂದರೊಡನೆ ಸ್ವಂತ ಊರಿನಲ್ಲಿ ಒಮ್ಮೆ, ಎದುರಾಳಿಯ ಊರಿನಲ್ಲಿ ಒಮ್ಮೆ ಆಡಿದರೆ ಒಟ್ಟು 42 ಪಂದ್ಯಗಳಾಗುತ್ತವೆ. ಭಾನುವಾರಕ್ಕೆ ಮೂರರಂತೆ 14 ವಾರ ಸಾಕು. ವಿಜಯದಶಮಿಯ ಬಳಿಕ ಆರಂಭಿಸಿದರೆ ಸಂಕ್ರಾಂತಿಯ ಸುಮಾರಿಗೆ, ಪರೀಕ್ಷೆಗಳಿಗೆ ಮೊದಲೇ ಮುಗಿಯುತ್ತದೆ. ಇವುಗಳ ಕೆಳಗೆ ಹೋಬಳಿಗಳ ತಂಡಗಳಿರಲಿ. ಮೇಲಿನ ವರ್ಗದಲ್ಲಿ ಕೊನೆಯವರಾದವರು ಇಳಿಯಲಿ, ಕೆಳಗೆ ಮೊದಲಿಗರಾದವರು ಏರಲಿ. ಜಿಲ್ಲೆಯಲ್ಲಿ ಗೆದ್ದವರಿಗೆ ಬೆಂಗಳೂರಿನ ವರ್ಗಗಳೊಡನೆ ಸೆಣಸುವ ಹಕ್ಕನ್ನು ಕರ್ನಾಟಕ ರಾಜ್ಯ ಫುಟ್‌ಬಾಲ್ ಸಂಸ್ಥೆಯವರು ಕೊಡಲಿ. ಈ ಕೊನೆಯ ಮಾತೇ ಮುಖ್ಯವಾದದ್ದು. ಮೇಲಿನ ಅಟ್ಟವನ್ನು ಮುಟ್ಟದ ಏಣಿಯಿಂದ ಪ್ರಯೋಜನವಿಲ್ಲ.

ಖರ್ಚಿನ ಮಾತನ್ನು ಕೆಲವರು ಎತ್ತಬಹುದು. ಮಂಡ್ಯದಿಂದ ಮದ್ದೂರಿಗೆ ಸುಮಾರು 20 ಕಿಲೋಮೀಟರು. ಮಳವಳ್ಳಿಗೆ ಹೋಗಿ ಆಡಿ ಅದೇ ದಿನ ಮರಳಬಹುದು. ಬೇಕಾದದ್ದು ಬಸ್ಸಿನ ಚಾರ್ಜು, ಚೆಂಡು, ಸಮತಟ್ಟಾದ ಬಯಲು, ಪಕ್ಷಪಾತವಿಲ್ಲದ ತೀರ್ಪುಗಾರ. ಸಮಾರಂಭದ ಶಾಮಿಯಾನಕ್ಕೂ ಹಾರತುರಾಯಿಗೂ ಆಗುವ ವೆಚ್ಚವನ್ನು ಈ ಕಡೆಗೆ ತಿರುಗಿಸಿದರೆ ಬಹುಪಾಲು ನೆರವೇರುತ್ತದೆ. ನಮ್ಮದು ಕಬಡ್ಡಿಯ ಸೀಮೆ, ಇದೇಕೆಂದು ಕೇಳುವವರೂ ಇದ್ದಾರೆ. ಕಬಡ್ಡಿಗೂ ಇಂಥ ಏಣಿಯೇ ಬೇಕೆಂದು ಅವರಿಗೆ ನಮ್ಮ ಉತ್ತರ. ಹೆಣ್ಣುಮಕ್ಕಳ ತಂಡಗಳಿಗೂ ಇದೇ ಏರ್ಪಾಡು ಆಗಬೇಕು. ಆಟ ಹೊಟ್ಟೆಗೆ ಹಿಟ್ಟು ಕೊಡುವುದೇ ಎಂಬ ಹಿರಿಯರ ಆತಂಕ ಸಹಜವಾದದ್ದೇ. ಭಾನುವಾರದ ಪಂದ್ಯಕ್ಕಾಗಿ ಯಾರೂ ಗದ್ದೆಯನ್ನಾಗಲಿ ಅಂಗಡಿಯನ್ನಾಗಲಿ ಬಿಡಬೇಕಾಗಿಲ್ಲ. ಹ್ಯೂಬ್ನರನೂ ಮೊದಲು ಕೈಕೆಲಸ ಮಾಡುತ್ತಲೇ ಆಡಿದವನು.

ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯವರೂ, ಜಿಲ್ಲಾಧಿಕಾರಿಗಳೂ, ಮೂರು ಊರುಗಳ ವರ್ತಕರೂ ಒಂದೆಡೆ ಕುಳಿತು ಈ ವಿಷಯವನ್ನು ಪರ್ಯಾಲೋಚಿಸಬೇಕೆಂದು ವಿಜ್ಞಾಪಿಸಿಕೊಳ್ಳುತ್ತೇವೆ. ಮುಂದಿನ ವಿಜಯದಶಮಿಗೆ ಮೊದಲು ಪಂದ್ಯಗಳ ಪಟ್ಟಿಯೊಂದು ಪ್ರಕಟವಾಗಲಿ. ಅದನ್ನು ಸಂತೋಷದಿಂದ ಅಚ್ಚು ಹಾಕಲು ನಮ್ಮ ಪತ್ರಿಕೆಯಲ್ಲಿ ಸ್ಥಳವಿದೆ.